ಎರಡು ಚೀಲ ಬೂಸಾ

ಚಳ್ಳಕೆರೆ
೬ ಜನವರಿ ೨೦೨೫

ಓಬಳೇಶ,

ಮೊದಲು ಲೆಕ್ಕ, ಆಮೇಲೆ ಕ್ಷೇಮಸಮಾಚಾರ.

ರೇಡಿಯೇಟರ್ ಮುಚ್ಚಳ ಮುನ್ನೂರೈವತ್ತು. ಎಸಿ ಗ್ಯಾಸು ಸಾವಿರದ ಎಂಟುನೂರು. ಫ್ಯಾನ್ ಬೆಲ್ಟು ಸಾವಿರದ ನೂರೈವತ್ತು. ಟರ್ಬೊ ಪೈಪು ನಾಲ್ಕು ಸಾವಿರದ ಇನ್ನೂರು. ಇಷ್ಟನ್ನೂ ಬಿಚ್ಚಿ, ಹಾಕಿ, ತಲೆ ಕೆರೆದುಕೊಂಡದ್ದಕ್ಕೆ ಬಳ್ಳಾರಿ ರಸ್ತೆಯ ಮೆಕ್ಯಾನಿಕ್ ಪಾಲಾಕ್ಷನ ಕೂಲಿ, ನಾಲ್ಕು ಸಲಕ್ಕೆ ಎರಡು ಸಾವಿರದ ನಾನೂರು. ನಿನ್ನ ಹತ್ತಿರ ಮೊಳಕಾಲ್ಮುರಿಗೆ ಬಂದುಹೋದ ಡೀಸೆಲ್ ಏಳುನೂರು. ನಿನಗೆ ಕಳಿಸಿದ ಬೂಸಾ ಎರಡು ಚೀಲ, ನನ್ನ ಅಂಗಡಿಯ ದರದಲ್ಲೇ ಹಿಡಿದರೂ ಎರಡು ಸಾವಿರದ ಆರುನೂರು. ಒಟ್ಟು ಹದಿಮೂರು ಸಾವಿರದ ಇನ್ನೂರು. ಇಷ್ಟು ಕೊಟ್ಟು ನಾನು ಕೊಂಡದ್ದೇನು ಗೊತ್ತೇ? ಅದೇ ಹಳೆಯ ಬುಸ್.

ಆ ಬುಸ್ ಎಂಥದ್ದೆಂದು ಬಾಯಲ್ಲಿ ಹೇಳಿದ್ದಾಯಿತು, ಈಗ ಬರೆದು ಹೇಳುತ್ತೇನೆ. ಎಂಜಿನ್ ಚಾಲೂ ಮಾಡಿದೊಡನೆ ಶುರುವಾಗುತ್ತದೆ. ಸೈಕಲ್ ಟ್ಯೂಬಿಗೆ ಜಾಲಿ ಮುಳ್ಳು ಚುಚ್ಚಿದಾಗ ಬರುತ್ತದಲ್ಲ, ಅಂಥ ತೆಳ್ಳನೆಯ ಸದ್ದು. ಗಾಡಿ ಓಡುವಾಗ ಗದ್ದಲದಲ್ಲಿ ಅಡಗುತ್ತದೆ, ನಿಂತಾಗ ಎದ್ದು ಬರುತ್ತದೆ. ಬ್ರೇಕ್ ತುಳಿದರೆ ಇನ್ನೂ ಜೋರಾಗುತ್ತದೆ. ಈ ಕೊನೆಯ ಮಾತನ್ನು ಪಾಲಾಕ್ಷನಿಗೆ ಹೇಳಿದರೆ, "ಬ್ರೇಕಿಗೂ ಎಂಜಿನ್ನಿಗೂ ಏನ್ ಸಂಬಂಧ ಸಾವ್ಕಾರ್ರೆ? ಒಳಗೆ ನಾಗಪ್ಪ ಕುಂತಾನೆ, ಒಂದ್ ಬಟ್ಲು ಹಾಲಿಡ್ರಿ" ಎಂದು ಅಕ್ಕಪಕ್ಕದ ಅಂಗಡಿಯವರನ್ನೆಲ್ಲ ನಗಿಸಿದ. ನಗಿಸಿದ್ದಕ್ಕೂ ಕೂಲಿ ಹಿಡಿದಿರಬೇಕು.

ಪಾಲಾಕ್ಷನ ಮೇಲೆ ನನಗೆ ಸಿಟ್ಟಿಲ್ಲ. ಅವನು ಬಿಚ್ಚಿ ನೋಡುವವನು. ನೀನು ಕೇಳಿ ಹೇಳುವವನು. ತೊಂಬತ್ತೆಂಟರಲ್ಲಿ, ಹಿಂಡಿ ಚೀಲ ಹೊರುತ್ತಿದ್ದ ನಾನು ಸಾಲ ಮಾಡಿ ಹಳೇ ವ್ಯಾನು ಕೊಂಡು ನಿನ್ನ ಶೆಡ್ಡಿನ ಮುಂದೆ ಹಾದುಹೋಗುವಾಗ, ರಸ್ತೆಯ ಆಚೆ ಟೀ ಕುಡಿಯುತ್ತ ನಿಂತಿದ್ದ ನೀನು ಕೂಗಿದ್ದು ನೆನಪಿದೆಯೇ? "ಏಯ್ ಹಿಂಡಿ! ನಿನ್ ಗಾಡೀದು ಮೂರನೇ ಸಿಲಿಂಡರ್ ಸತ್ತೈತೆ ನೋಡ್ಲೇ!" ಮೂರನೆಯದೇ ಸತ್ತಿತ್ತು. ಅಂದಿನಿಂದ ಕೊಂಡ ಏಳು ಗಾಡಿಗಳನ್ನೂ ನಿನ್ನ ಕಿವಿಯನ್ನು ನಂಬಿ ಕೊಂಡಿದ್ದೇನೆ.

ಈ ಎಂಟನೆಯದನ್ನೂ, ಈ ಹಳೇ ಕಾರನ್ನೂ, ಹಾಗೆಯೇ ಕೊಂಡೆ. ಸೆಪ್ಟೆಂಬರಿನಲ್ಲಿ ರಾಂಪುರದ ಆ ರಿಟೈರಾದ ಮೇಷ್ಟ್ರ ಮನೆ ಮುಂದೆ ಎಂಜಿನ್ ಚಾಲೂ ಮಾಡಿಸಿದಾಗ ನನ್ನ ಕಿವಿಗೆ ಸಣ್ಣಗೆ ಏನೋ ತಾಗಿತು. ನಿನ್ನ ಮುಖ ನೋಡಿದೆ. ನೀನು ಬಾನೆಟ್ಟಿನ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ, "ರೇಷ್ಮೆ ಇದ್ದಂಗೈತೆ, ತಗಾ" ಎಂದೆ. ಮೊಳಕಾಲ್ಮುರಿನವನ ಬಾಯಲ್ಲಿ ರೇಷ್ಮೆ ಎಂಬ ಮಾತು ಬಂದಮೇಲೆ ಇನ್ನೇನು? ನನ್ನ ಕಿವಿಯನ್ನೇ ಸುಳ್ಳು ಮಾಡಿ ಮುಂಗಡ ಎಣಿಸಿದೆ.

ನವೆಂಬರಿನಲ್ಲಿ ನಿನ್ನ ಶೆಡ್ಡಿಗೆ ಬಂದೆ. ಎಂಜಿನ್ ಚಾಲೂ ಇಟ್ಟೇ, "ಓಬಳೇಶ, ಬುಸ್ಸು ಬರ್ತೈತೋ, ಬುಸ್ಸು!" ಎಂದು ಕೂಗಿದೆ. ನೀನು ತಲೆ ಎತ್ತಿ, ನಕ್ಕು, "ಎರಡು ಚೀಲ ಕಳ್ಸು" ಎಂದೆ. ಹಾಗಂದು ಮತ್ತೆ ನಿನ್ನ ಕೆಲಸಕ್ಕೆ ಬಗ್ಗಿದೆ. ಬೂಸಾ ಮುಟ್ಟಿದ ಮೇಲೆ ನೋಡುತ್ತಾನೆಂದು ನಾನು ಗಾಡಿ ತಿರುಗಿಸಿದೆ. ಇಪ್ಪತ್ತಾರು ವರ್ಷದಲ್ಲಿ ನನ್ನಿಂದ ಟೀ ಕಾಸು ಕೂಡ ಮುಟ್ಟದವನು ಗಾಡಿ ನೋಡುವ ಮೊದಲೇ ಬಾಯಿಬಿಟ್ಟು ಬೂಸಾ ಕೇಳಿದ! ಸರಿ, ಕಾಲ ಬದಲಾಗಿದೆ, ಇವನ ಮನೆಯಲ್ಲೂ ಎಮ್ಮೆ ಇದೆ ಎಂದುಕೊಂಡೆ. ಮಾರನೆಯ ದಿನವೇ ಕಂಡಕ್ಟರ್ ಚಂದ್ರಣ್ಣನ ಬಸ್ಸಿನ ಮೇಲೆ ಹಾಕಿಸಿ ಕಳಿಸಿದೆ. ಬೂಸಾ ಸೇರಿತು. ಗಾಡಿ ಹಾಗೆಯೇ ಉಳಿಯಿತು.

ಆಮೇಲೆ ನೀನು ಫೋನು ಎತ್ತಲಿಲ್ಲ. ವಾಟ್ಸಾಪಿನಲ್ಲಿ ಏಳು ಸಲ ಮಾತಾಡಿ ಕಳಿಸಿದೆ. ಏಳನ್ನೂ ಕೇಳಿದ್ದೀಯ ಎಂದು ಫೋನೇ ನೀಲಿ ಬಣ್ಣ ಮಾಡಿ ತೋರಿಸುತ್ತದೆ. ಒಂದಕ್ಕೂ ಉತ್ತರವಿಲ್ಲ. ನಮ್ಮ ಮನೆಯವಳು ಗಂಗಾಂಬಿಕಾ, "ಬಾಯಿ ಮಾತು ಬಿಡ್ರಿ. ಕಾಗದದಾಗೆ ಬರೆದು ಚಂದ್ರಣ್ಣನ ಕೈಯಾಗೆ ಕೊಡ್ರಿ" ಎಂದಳು. ಮಾತಿಗೆ ದುಡ್ಡು ಬೀಳದ ಈ ಕಾಲದಲ್ಲಿ ಕಾಗದ ಯಾಕೋ ನನಗೆ ಗೊತ್ತಾಗಲಿಲ್ಲ. ಆದರೂ ಬರೆದೆ.

ನನ್ನದು ಒಂದೇ ಪ್ರಶ್ನೆ. ಈ ಬುಸ್ ನಿನಗೆ ರಾಂಪುರದಲ್ಲಿ ಕೇಳಿಸಿತೋ ಇಲ್ಲವೋ? ಕೇಳಿಸಿದ್ದರೆ ಯಾಕೆ ಹೇಳಲಿಲ್ಲ?

ಇಂತಿ ನಿನ್ನ,
ಮುರುಗೇಂದ್ರಪ್ಪ


ಮೊಳಕಾಲ್ಮುರು
೧೧ ಜನವರಿ ೨೦೨೫

ಮುರುಗಣ್ಣ,

ಕಾಗದ ಬಂತು. ಎರಡು ಸಲ ಓದಿದೆ.

ಗಾಡಿಯಲ್ಲಿ ದೋಷವಿಲ್ಲ. ಎಂಜಿನ್ ಚೆನ್ನಾಗಿದೆ. ಹಳೇ ಗಾಡಿ ಎಂದಮೇಲೆ ಏನಾದರೊಂದು ಸದ್ದು ಬರುತ್ತದೆ, ಹೋಗುತ್ತದೆ. ಪಾಲಾಕ್ಷನಿಗೆ ಮತ್ತೆ ಬಿಚ್ಚಲು ಬಿಡಬೇಡ. ಸ್ವಲ್ಪ ದಿನ ಗಾಡಿ ಹೊರಗೆ ತೆಗೆಯಬೇಡ. ಈ ತಿಂಗಳು ಕೈತುಂಬ ಕೆಲಸ, ಬಿಡುವಾದ ಮೇಲೆ ನಾನೇ ಬರುತ್ತೇನೆ.

ಶೆಡ್ಡಿನಲ್ಲಿ ಸಿಗ್ನಲ್ ಸರಿಯಿಲ್ಲ, ಫೋನು ಮಾಡಬೇಡ. ಬೂಸಾ ಚೆನ್ನಾಗಿತ್ತು. ಎಮ್ಮೆ ಒಂದು ಲೀಟರ್ ಹೆಚ್ಚಿಗೆ ಕರೆಯುತ್ತಿದೆ ಎಂದು ನಮ್ಮನೆಯವಳು ವನಜಾಕ್ಷಿ ಹೇಳಿದಳು. ಅತ್ತಿಗೆಮ್ಮನಿಗೆ ನಮ್ಮಿಬ್ಬರ ನಮಸ್ಕಾರ.

ಇಂತಿ,
ಓಬಳೇಶ


ಚಳ್ಳಕೆರೆ
೨೭ ಜನವರಿ ೨೦೨೫

ಮೆಕ್ಯಾನಿಕ್ ಓಬಳೇಶಪ್ಪನವರಿಗೆ,

ಹಿಂದಿನ ಲೆಕ್ಕಕ್ಕೆ ಒಂದು ಟಗರು ಸೇರಿಸಿಕೊಳ್ಳಿ. ಹನ್ನೊಂದು ಸಾವಿರ. ಈಗ ಒಟ್ಟು ಇಪ್ಪತ್ನಾಲ್ಕು ಸಾವಿರದ ಇನ್ನೂರು.

ಹೋದ ಶುಕ್ರವಾರ ರಾಂಪುರದಲ್ಲಿ ಮಗುವಿಗೆ ಹೆಸರಿಡುವ ಕಾರ್ಯವಿತ್ತು. ನಾನೂ ಗಂಗಾಂಬಿಕಾಳೂ ಹೊರಟೆವು. ನೀವು ಗಾಡಿ ತೆಗೆಯಬೇಡ ಎಂದು ಬರೆದಿದ್ದಿರಿ, ನಿಜ. ದೋಷವಿಲ್ಲ ಎಂದೂ ಅದೇ ಕಾಗದದಲ್ಲಿ ಬರೆದಿದ್ದಿರಿ. ಎರಡರಲ್ಲಿ ಒಂದನ್ನು ನಂಬಬೇಕಿತ್ತು. ಹಳೆಯ ಅಭ್ಯಾಸ, ಒಳ್ಳೆಯದನ್ನು ನಂಬಿದೆ.

ಬಿ.ಜಿ. ಕೆರೆ ದಾಟುತ್ತಿದ್ದಂತೆ ಕುರಿಮಂದೆಯೊಂದು ರಸ್ತೆಗೆ ಇಳಿಯಿತು. ಬ್ರೇಕ್ ತುಳಿದೆ. ಪೆಡಲ್ ಕೆಳಗೆ ಹೋಗಲಿಲ್ಲ. ಕಲ್ಲುಚಪ್ಪಡಿ ತುಳಿದಂತೆ ಗಟ್ಟಿಯಾಗಿ ನಿಂತಿತು, ಒಳಗಿನಿಂದ ಬುಸ್ ಎಂದಿತು. ಎರಡೂ ಕಾಲು ಊರಿ ಸೀಟು ಬಿಟ್ಟು ಎದ್ದು ನಿಂತೆ. ಹ್ಯಾಂಡ್‌ಬ್ರೇಕ್ ಎಳೆದೆ. ಗಾಡಿ ಅಡ್ಡ ತಿರುಗಿ ನಿಂತಾಗ ಮುಂದಿನ ಗಾಲಿಯ ಹತ್ತಿರ ಒಂದು ಟಗರು ಬಿದ್ದಿತ್ತು. ಅದರಿಂದ ಮೂರು ಮಾರು ಆಚೆ ಮಂದೆಯ ಒಡತಿ ಮೂಗಮ್ಮ ನಿಂತಿದ್ದಳು. ಮೂರೇ ಮಾರು. ಇಳಿದು ಅಳೆದಿದ್ದೇನೆ.

"ಏಮಯ್ಯಾ ಸಾವ್ಕಾರ, ಬ್ರೇಕ್ ತುಳಿಯಾಕೆ ಕಾಲಿಲ್ವಾ ನಿಂಗೆ?"

"ತುಳಿದೆ ಕಣವ್ವ. ಅದು ಹಿಡೀಲಿಲ್ಲ."

"ಹಿಡೀದಿರೋ ಗಾಡಿ ಯಾಕ್ ತಗಂಡೆ ಮತ್ತೆ?"

ಅದರ ಉತ್ತರ ಮೊಳಕಾಲ್ಮುರಿನಲ್ಲಿ ಕೂತು ಬೂಸಾ ಚೆನ್ನಾಗಿತ್ತು ಎಂದು ಬರೆಯುತ್ತಿತ್ತು. ಟಗರು ಗೌರಸಮುದ್ರದ ಮಾರಮ್ಮನಿಗೆ ಬಿಟ್ಟದ್ದೆಂದು ಮೂಗಮ್ಮ ಹೇಳಿದಳು. ನಲವತ್ತು ವರ್ಷ ಚೌಕಾಸಿ ಮಾಡಿ ಬದುಕಿದವನು ನಾನು. ಮಾರಮ್ಮನ ಜೊತೆ ಚೌಕಾಸಿಗೆ ನಿಲ್ಲಲಿಲ್ಲ. ಎಣಿಸಿ ಕೊಟ್ಟೆ.

ಗಂಗಾಂಬಿಕಾಳ ಎಡಗೈ ಬಳೆಗಳೆಲ್ಲ ಒಡೆದು ಚುಚ್ಚಿಕೊಂಡಿವೆ, ಮಣಿಕಟ್ಟು ಊದಿದೆ. ಮನೆಗೆ ಬಂದು ನಿಮ್ಮ ಹೆಸರೆತ್ತಿ ನಾನು ಬಯ್ಯತೊಡಗಿದರೆ, ಆ ಊದಿದ ಕೈ ಹಿಡಿದುಕೊಂಡೇ, "ಓಬಳೇಶಪ್ಪಗೆ ಏನೂ ಅನ್ಬ್ಯಾಡ್ರಿ" ಎಂದಳು.

ಮನೆಯಲ್ಲಿ ಅನ್ನಬೇಡ ಎಂದಳು, ಪೇಟೆಯಲ್ಲಿ ಅಂದೆ. ಶನಿವಾರ ಬೆಳಗ್ಗೆ ಮಂಡಿಯಲ್ಲಿ ಶುರುಮಾಡಿ, ಎಣ್ಣೆ ಮಿಲ್ಲುಗಳ ಗೇಟಿನಲ್ಲಿ ಹೇಳಿ, ಹನ್ನೊಂದು ಟೀ ಅಂಗಡಿ ಮುಗಿಸಿ ಮನೆಗೆ ಬಂದೆ. "ಕಮಿಷನ್ ತಿಂದು ಕೊಳೆತ ಗಾಡಿ ಕಟ್ಟಿದ. ನೋಡು ಅಂದ್ರೆ ಮೇಲೆ ಎರಡು ಚೀಲ ಬೂಸಾ ಲಂಚ ಕಿತ್ಕಂಡ. ಇಪ್ಪತ್ತಾರು ವರ್ಷ ಸ್ನೇಹ ಅಂದ್ಕಂಡಿದ್ದೆ, ಅದು ಗಿರಾಕಿಗಿರಿ." ನನ್ನ ಬಾಯಿಗೆ ಪೇ‌ಟೆಯಲ್ಲಿ ಎಷ್ಟು ಬೆಲೆಯೆಂದು ನಿನಗೆ ಗೊತ್ತು. ಮೂರು ಮಿಲ್ಲಿನವರು ನನ್ನ ಮಾತಿನ ಮೇಲೆ ತಮ್ಮ ವ್ಯಾನುಗಳನ್ನು ಐವತ್ತು ಕಿಲೋಮೀಟರ್ ದೂರದ ನಿನ್ನ ಶೆಡ್ಡಿಗೆ ಕಳಿಸುತ್ತಿದ್ದರು. ಮೂವರೂ ಇನ್ನು ಕಳಿಸುವುದಿಲ್ಲ.

ಬರೆಯುತ್ತ ಬರೆಯುತ್ತ 'ನೀವು' ಅನ್ನುವುದು ಮರೆತಿದ್ದೇನೆ. ತಿದ್ದುವುದಿಲ್ಲ.

ಇಂತಿ,
ಒಬ್ಬ ಗಿರಾಕಿ


ಚಳ್ಳಕೆರೆ
೨೩ ಫೆಬ್ರವರಿ ೨೦೨೫

ಓಬಳೇಶ,

ನೀನು ನನ್ನ ಮನೆಗೆ ಬಂದಿದ್ದೆ. ನಾನಿಲ್ಲದ ದಿನ ನೋಡಿಕೊಂಡು ಬಂದಿದ್ದೆ.

ಬುಧವಾರ ಸರಕು ನೋಡಲು ದಾವಣಗೆರೆಗೆ ಹೋದವನು ಗುರುವಾರ ಸಂಜೆ ಬಂದೆ. ಒಂದು ತಿಂಗಳಿಂದ ನಿಂತಿದ್ದ ಗಾಡಿ ಗೇಟಿನ ಕಡೆ ಮುಖ ಮಾಡಿ ನಿಂತಿತ್ತು. ಚಾಲೂ ಮಾಡಿದೆ. ಬುಸ್ ಇಲ್ಲ. ಬ್ರೇಕ್ ತುಳಿದೆ, ಬೆಣ್ಣೆಯೊಳಗೆ ಹೋದಂತೆ ಹೋಯಿತು. ಬಾನೆಟ್ ಎತ್ತಿದರೆ ಒಳಗೆ ಒಂದು ಗೇಣಿನ ಹೊಸ ರಬ್ಬರ್ ಪೈಪು, ಬ್ಯಾಟರಿಯ ಮೇಲೆ ಊದಿನಕಡ್ಡಿಯ ಬೂದಿ.

ನೀನು ಬಂದಿದ್ದೆ ಎಂದಷ್ಟೇ ಗಂಗಾಂಬಿಕಾ ಹೇಳಿದಳು. "ಏನ್ ಮಾಡಿದ ಅವನು?" ಎಂದು ಕೇಳಿದೆ.

"ಊದಿನಕಡ್ಡಿ ಹಚ್ಚಿದ್ರು."

"ಎಂಜಿನ್ನಿಗೆ ಪೂಜೆ ಮಾಡಿದ್ನಾ?"

"ಅವರನ್ನೇ ಕೇಳ್ರಿ. ಫೋನಿನಾಗಲ್ಲ. ಬರೆದು ಕೇಳ್ರಿ."

ಮತ್ತೆ ಅದೇ ಮಾತು. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷ. ಜೀರಿಗೆ ಡಬ್ಬಿಯಲ್ಲಿ ಅವಳು ಬಚ್ಚಿಟ್ಟ ನೋಟೂ ನನಗೆ ಗೊತ್ತಿದೆ. ಇದೊಂದು ಅವಳು ನನ್ನ ಕೈಗೆ ಕೊಡುತ್ತಿಲ್ಲ.

ಚಂದ್ರಣ್ಣನನ್ನು ಬಸ್‌ಸ್ಟ್ಯಾಂಡಿನಲ್ಲಿ ಹಿಡಿದೆ. "ಬಂದಿದ್ದ ಸಾವ್ಕಾರ್ರೆ, ನನ್ ಬಸ್ಸಿಗೇ ಬಂದಿದ್ದ. ಎಲ್ಲಿಗೆ ಟಿಕೆಟ್ ಅಂದ್ರೆ 'ಸಂಜೆಗೆ ವಾಪಸ್' ಅಂತಾನೆ. ನಡುದಾರಿ ತಳಕಿನಾಗೆ ಟೀಗೆ ಇಳಿದು ಹಿಂದಿನಿಂದ ಮೂರು ಸಲ ಕೂಗಿದೆ, ತಿರುಗೂ ನೋಡ್ಲಿಲ್ಲ. ದೊಡ್ಡೋನಾಗ್ಯಾನೆ ಬಿಡ್ರಿ ನಿಮ್ ದೋಸ್ತು."

ನಾನು ಪೇಟೆಯಲ್ಲಿ ಹಾಗೆ ಮಾತಾಡಿದ ಮೇಲೂ ನೀನು ಬಂದು ರಿಪೇರಿ ಮಾಡಿದ್ದೀಯ. ಎದುರಿಗೆ ಬಾರದೆ ಮಾಡಿದ್ದೀಯ. ಕೂಲಿ ಕೇಳಿಲ್ಲ. ಇದು ತಪ್ಪು ಮಾಡಿದವನ ಲಕ್ಷಣವೋ, ಮಾಡದವನದೋ, ನನಗೆ ಯಾವ ಖಾತೆಗೆ ಬರೆಯಬೇಕೆಂದು ತಿಳಿಯುತ್ತಿಲ್ಲ. ನನ್ನ ಮನೆಯೊಳಗಿನ ಮಾತು ನನ್ನ ಹೆಂಡತಿಗೂ ನಿನಗೂ ಗೊತ್ತಿದ್ದು ನನಗೆ ಮಾತ್ರ ಗೊತ್ತಿಲ್ಲ. ಅದಕ್ಕೆ ಉತ್ತರ ಬರೆ. ಉಳಿದದ್ದು ಬೇಡ.

ಇಂತಿ,
ಮುರುಗೇಂದ್ರಪ್ಪ


ಮೊಳಕಾಲ್ಮುರು
೨ ಮಾರ್ಚ್ ೨೦೨೫

ಮುರುಗಣ್ಣ,

ರಾಂಪುರದಲ್ಲಿ ಕೇಳಿಸಿತೋ ಇಲ್ಲವೋ ಎಂದು ಮೊದಲ ಕಾಗದದಲ್ಲಿ ನೀನು ಕೇಳಿದ್ದೆ. ಕೇಳಿಸಲಿಲ್ಲ. ನವೆಂಬರಿನಲ್ಲೂ ಕೇಳಿಸಲಿಲ್ಲ. ಎರಡು ವರ್ಷದಿಂದ ನನಗೆ ತೆಳ್ಳನೆಯ ಸದ್ದು ಯಾವುದೂ ಕೇಳಿಸುವುದಿಲ್ಲ.

ಮೊದಲು ಕುಕ್ಕರಿನ ಸೀಟಿ ಹೋಯಿತು. ಆಮೇಲೆ ಗುಬ್ಬಿ. ಆಮೇಲೆ ಫೋನಿನೊಳಗಿನ ಮಾತು. ಮೂವತ್ತೈದು ವರ್ಷ ಎಂಜಿನ್ನಿಗೆ ಕಿವಿ ಕೊಟ್ಟವನ ಕಿವಿ ಎಂಜಿನ್ನೇ ತಿಂದಿದೆ ಎಂದರು ಚಿತ್ರದುರ್ಗದ ಡಾಕ್ಟರು. ದಪ್ಪ ಸದ್ದು ಕೇಳಿಸುತ್ತದೆ, ಲಾರಿ ಬಂದರೆ ಪಕ್ಕಕ್ಕೆ ಸರಿಯುತ್ತೇನೆ. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ಅರ್ಧ ಹಿಡಿಯುತ್ತೇನೆ, ಇನ್ನರ್ಧ ಊಹೆ. ಆ ದಿನ ನಿನ್ನ ತುಟಿ 'ಬು' ಎಂದಿತು, 'ಬರ್ತೈತೆ' ಎಂದಿತು. ಬೂಸಾ ಮಾರುವವನು ಬೂಸಾ ಬರ್ತೈತೆ ಎನ್ನದೆ ಇನ್ನೇನು ಅಂದಾನು? ಹೊಸ ಲೋಡು ಬರುತ್ತಿದೆ ಅಂದುಕೊಂಡು ಎರಡು ಚೀಲ ಕಳ್ಸು ಅಂದೆ. ಯುಗಾದಿಗೆ ದುಡ್ಡು ಕೊಡುವುದೆಂದಿದ್ದೆ. ನೀನು ಕೂಗಿದ್ದು ಏನೆಂದು ನನಗೆ ತಿಳಿದದ್ದು ನಿನ್ನ ಕಾಗದದಲ್ಲಿ. ಎರಡು ಸಾವಿರದ ಆರುನೂರು ಈ ಲಕೋಟೆಯಲ್ಲಿದೆ, ಎಣಿಸಿಕೊ.

ವಾಟ್ಸಾಪಿನಲ್ಲಿ ನೀನು ಕಳಿಸಿದ ಏಳನ್ನೂ ಒತ್ತಿ ಕಿವಿಗೆ ಇಟ್ಟುಕೊಂಡೆ, ಆಮೇಲೆ ಅಂಗೈಯಲ್ಲಿ ಇಟ್ಟುಕೊಂಡೆ. ಫೋನು ನಡುಗಿತು. ಸಿಟ್ಟಾಗಿದ್ದೀಯ ಎಂದಷ್ಟೇ ಗೊತ್ತಾಯಿತು. ವನಜಾಕ್ಷಿಗೆ ಕೇಳಿಸಿ ಹೇಳೆನ್ನಲು ಮನಸ್ಸು ಬರಲಿಲ್ಲ.

ಇಷ್ಟೇ ಆಗಿದ್ದರೆ ಈ ಕಾಗದ ಜನವರಿಯಲ್ಲೇ ಬರೆಯುತ್ತಿದ್ದೆ. ಇನ್ನೊಂದಿದೆ. ಬ್ರೇಕ್ ತುಳಿದರೆ ಸದ್ದು ಜೋರಾಗುತ್ತದೆ ಎಂದು ನೀನು ಮೊದಲ ಕಾಗದದಲ್ಲಿ ಬರೆದಿದ್ದೆ. ಆ ಸಾಲು ಓದಿದ ಕೂಡಲೇ ನನಗೆ ಗೊತ್ತಾಯಿತು. ಎಂಜಿನ್ನಿನಿಂದ ಬ್ರೇಕಿಗೆ ಗಾಳಿ ಎಳೆಯುವ ಒಂದು ರಬ್ಬರ್ ಪೈಪು ಇರುತ್ತದೆ. ಆ ಎಳೆತ ಇದ್ದರೆ ಪೆಡಲ್ ಹಗುರ, ಇಲ್ಲದಿದ್ದರೆ ಕಲ್ಲು. ಪೈಪು ಸೀಳಿದರೆ ಹೊರಗಿನ ಗಾಳಿ ಒಳಗೆ ನುಗ್ಗಿ ಬುಸ್ ಎನ್ನುತ್ತದೆ. ಸೀಳು ದಿನದಿನಕ್ಕೆ ಬೆಳೆಯುತ್ತದೆ. ಇದೆಲ್ಲ ಗೊತ್ತಿದ್ದೂ ದೋಷವಿಲ್ಲ ಎಂದು ಬರೆದೆ. ಸದ್ದು ಇದೆ ಎಂದರೆ ರಾಂಪುರದಲ್ಲಿ ಯಾಕೆ ಕೇಳಿಸಲಿಲ್ಲ ಎಂದು ನೀನು ಕೇಳುತ್ತಿದ್ದೆ. ಗಾಡಿ ತೆಗೆಯಬೇಡ ಎಂದಿದ್ದೇನಲ್ಲ, ನೀನಿಲ್ಲದ ದಿನ ಬಂದು ಸದ್ದಿಲ್ಲದೆ ಪೈಪು ಬದಲಾಯಿಸಿ ಹೋದರಾಯಿತು ಎಂದುಕೊಂಡೆ. ಅಷ್ಟರಲ್ಲಿ ಬಿ.ಜಿ. ಕೆರೆ ಆಯಿತು. ನೀನು ದಾವಣಗೆರೆಗೆ ಹೋದದ್ದನ್ನು ಅತ್ತಿಗೆಮ್ಮ ವನಜಾಕ್ಷಿಗೆ ತಿಳಿಸಿದ ಮೇಲೆ ಬಂದೆ, ಅವರ ಕೈ ನೋಡಿದೆ.

ಊದಿನಕಡ್ಡಿ ಪೂಜೆಗಲ್ಲ. ಎಂಜಿನ್ ನಿಲ್ಲಿಸಿ ಬ್ರೇಕ್ ಐದು ಸಲ ತುಳಿದು, ಕಾಲು ಹಾಗೇ ಒತ್ತಿಟ್ಟು ಚಾಲೂ ಮಾಡಿದೆ. ಸರಿಯಿದ್ದರೆ ಪೆಡಲ್ ಕಾಲಡಿ ಸ್ವಲ್ಪ ಇಳಿಯಬೇಕು. ಇಳಿಯಲಿಲ್ಲ. ಆಮೇಲೆ ಹೊಗೆಯಾಡುವ ಕಡ್ಡಿಯನ್ನು ಪೈಪಿನ ಉದ್ದಕ್ಕೂ ಮೆಲ್ಲಗೆ ಸರಿಸಿದೆ. ಎಲ್ಲ ಕಡೆ ಹೊಗೆ ಮೇಲಕ್ಕೆ ಹೋಯಿತು. ಒಂದು ಕಡೆ ಮಾತ್ರ ಬಾಗಿ ಪೈಪಿನ ಒಳಕ್ಕೆ ಹೋಯಿತು. ಕಿವಿ ಹೋದಮೇಲೆ ನಾನು ಕಲಿತ ವಿದ್ಯೆ ಅದು. ಹೊಸದು ಹಾಕಿ, "ನಿಂತಿತಾ ನೋಡ್ರಿ ಅತ್ತಿಗೆಮ್ಮ" ಎಂದೆ. ಅವರು ತಲೆಯಾಡಿಸಿದ ಮೇಲೆ ಬಾನೆಟ್ ಮುಚ್ಚಿದೆ.

ಅವರಿಗೆ ಮೊದಲಿನಿಂದ ಗೊತ್ತು. ಡಾಕ್ಟರ ಹತ್ತಿರ ವನಜಾಕ್ಷಿಯ ಜೊತೆ ಬಂದವರು ಅವರೇ. ನಿನಗೆ ಹೇಳಬಾರದೆಂದು ಆಣೆ ಹಾಕಿಸಿಕೊಂಡವನು ನಾನು. ಯಾಕೆಂದರೆ ನಿನ್ನ ಬಾಯಿ, ಮುರುಗಣ್ಣ. ನಿನಗೆ ಬೆಳಗ್ಗೆ ಹೇಳಿದ್ದು ಬಿಸಿಲೇರುವುದರೊಳಗೆ ತಳಕು ದಾಟಿರುತ್ತದೆ. ಹಾಗೆಂದು ನಾನು ಅಂದುಕೊಂಡದ್ದು ಸುಳ್ಳೇ? ಹನ್ನೊಂದು ಟೀ ಅಂಗಡಿ ಹತ್ತಿಳಿದವನು ಚಂದ್ರಣ್ಣನ ಬಸ್ಸೊಂದನ್ನು ಹತ್ತಲಿಲ್ಲ. ನನ್ನ ಎದುರು ನಿಂತು ಬೈದಿದ್ದರೆ ನಿನ್ನ ತುಟಿ ನೋಡಿಯಾದರೂ ತಿಳಿದುಕೊಳ್ಳುತ್ತಿದ್ದೆ. ಊರಿಗೆಲ್ಲ ಹೇಳಿ ಆಮೇಲೆ ನನಗೆ ಹೇಳಿದೆ.

ಈಗ ಒಂದು ಕೇಳುತ್ತೇನೆ. ನನ್ನನ್ನು ಮೋಸಗಾರ ಎಂದಿದ್ದೀಯ, ಹಾಗೇ ಇರಲಿ ಬಿಡು. ಮೋಸಗಾರನ ಹತ್ತಿರ ಜನ ಜಗಳವಾಡಿಕೊಂಡಾದರೂ ಬರುತ್ತಾರೆ. ಕಿವುಡನ ಹತ್ತಿರ ಎಂಜಿನ್ ತರುವವರು ಯಾರು? ಇದನ್ನು ಮಾತ್ರ ಯಾರಿಗೂ ಹೇಳಬೇಡ.

ಓಬಳೇಶ


ಚಳ್ಳಕೆರೆ
೨೮ ಮಾರ್ಚ್ ೨೦೨೫

ಓಬಳೇಶ,

ಉತ್ತರಕ್ಕೆ ನಾಲ್ಕು ವಾರ ಹಿಡಿಯಿತು. ನಾಡಿದ್ದು ಯುಗಾದಿ, ಅಷ್ಟರೊಳಗೆ ಈ ಲೆಕ್ಕದ ಪುಸ್ತಕ ಮುಚ್ಚಬೇಕು.

ನಿನ್ನ ಕಾಗದ ಓದಿ ಮೊದಲು ಅಡುಗೆಮನೆಗೆ ಹೋದೆ. "ನನಗೊಂದು ಮಾತು ಹೇಳ್ಬಾರ್ದಿತ್ತಾ?" ಎಂದೆ.

"ಹೇಳಿದ್ರೆ ನೀವು ಮಂಡಿಗೆ ಹೇಳ್ತಿದ್ರಿ."

"ನಿನ್ ಕೈ ಊದಿದಾಗಾದ್ರೂ?"

"ಊದಿದ್ದು ನನ್ ಕೈ. ಆಣೆ ಮಾಡಿದ್ದೂ ಇದೇ ಕೈ." ಅಷ್ಟು ಹೇಳಿ ರೊಟ್ಟಿ ತಟ್ಟತೊಡಗಿದಳು. ಎರಡು ವರ್ಷ ನನ್ನ ಎದುರು ಕೂತು ಉಂಡವಳು. ನಾನು ನಿನ್ನ ಕಿವಿಯ ಕಥೆಗಳನ್ನು ಬಂದವರಿಗೆಲ್ಲ ಹೇಳಿ ಹೊಗಳುವಾಗ ಅವಳು ಅಲ್ಲೇ ನಿಂತು ಟೀ ಕೊಡುತ್ತಿದ್ದಳು. ನಾನು ಕಟ್ಟಿದ ಮನೆಯಲ್ಲಿ ನನ್ನೊಬ್ಬನನ್ನು ಹೊರಗಿಟ್ಟು ಬಾಗಿಲು ಹಾಕಿಕೊಂಡಿದ್ದೀರಿ. ತಟ್ಟಲು ಹೋದರೆ, ನಿನ್ನ ಬಾಯಿ ದೊಡ್ಡದು ಅನ್ನುತ್ತೀರಿ. ಈ ಬಾಯಿಯಿಂದಲೇ ಅಲ್ಲವೇ ಮೂರು ಮಿಲ್ಲಿನ ವ್ಯಾನು ನಿನ್ನ ಶೆಡ್ಡಿಗೆ ಬಂದದ್ದು?

ಹೋದವು ಕೂಡ ಇದರಿಂದಲೇ. ಬಲ್ಲೆ. ನಾನು ಬಸ್ ಹತ್ತಬೇಕಿತ್ತು. ಅದನ್ನು ನನ್ನ ಖಾತೆಗೆ ಬರೆದುಕೊಂಡಿದ್ದೇನೆ.

ಮೋಸಗಾರ ಎಂದೇ ಇರಲಿ ಎಂದೆಯಲ್ಲ, ಅದಾಗಲಿಲ್ಲ. ಕಿವುಡ ಎನ್ನುವಂತೆಯೂ ಇರಲಿಲ್ಲ. ನಾನು ಹೇಳಿದ್ದನ್ನು ನಾನೇ ನುಂಗಬೇಕು, ಯಾಕೆ ನುಂಗಿದೆ ಎಂದು ಹೇಳಬಾರದು. ಮಾತಿನಲ್ಲಿ ಬದುಕಿದವನಿಗೆ ಇಂಥ ಸಿಕ್ಕು ಯಾವತ್ತೂ ಬಿದ್ದಿರಲಿಲ್ಲ. ಹತ್ತು ದಿನ ಯೋಚಿಸಿ, ಒಂದು ಮಂಗಳವಾರ ಅದೇ ಮಂಡಿ, ಅದೇ ಮಿಲ್ಲಿನ ಗೇಟು, ಅದೇ ಹನ್ನೊಂದು ಟೀ ಅಂಗಡಿ ಸುತ್ತಿದೆ. "ಓಬಳೇಶ ಮೊದ್ಲೇ ಹೇಳಿದ್ದ ಕಣ್ರಪ್ಪ. ಬ್ರೇಕಿನ ಪೈಪ್ ಸೀಳೈತೆ, ಬದಲಾಯ್ಸೋಗಂಟ ಗಾಡಿ ತೆಗೀಬ್ಯಾಡ ಅಂದಿದ್ದ. ಎಂಜಿನ್ ಸದ್ದಿನಾಗೆ ನನಗೇ ಕೇಳಿಸ್ಲಿಲ್ಲ" ಎಂದೆ.

ಪಾಲಾಕ್ಷ ಟೀ ಲೋಟ ಕೆಳಗಿಟ್ಟ. "ಏನ್ ಸಾವ್ಕಾರ್ರೆ, ಕಿವಿ ಹೋತಾ?"

"ಹೋತಪ್ಪ."

"ಮತ್ತೆ ಆ ಬೂಸಾ? ಲಂಚ ಕಿತ್ಕಂಡ ಅಂದ್ರಲ್ಲ?"

ನಿನ್ನ ಲಕೋಟೆ ಜೇಬಿನಲ್ಲೇ ಇತ್ತು. ತೆಗೆದು ತೋರಿಸಿದೆ. "ಕ್ರಯಕ್ಕೆ ತಗಂಡಿದ್ದ. ದುಡ್ಡು ಬಂದೈತೆ ನೋಡು. ಅದೂ ನನಗೆ ನೆಟ್ಟಗೆ ಕೇಳಿಸಿರ್ಲಿಲ್ಲ."

ನಗು ಎಂದರೆ ನಗು. ಈಗ ಪೇಟೆಯಲ್ಲಿ ನಾನು ಎದುರಾದರೆ ಜನ ಕೈಸನ್ನೆ ಮಾಡಿ ದರ ಕೇಳುತ್ತಾರೆ. ಇಬ್ಬರು ಮಿಲ್ಲಿನವರು ವ್ಯಾನು ಮತ್ತೆ ಕಳಿಸುತ್ತೇವೆ ಎಂದಿದ್ದಾರೆ. ಮೂರನೆಯವರು, "ಒಂದ್ಸಲ ಹಂಗಂತೀರಿ, ಒಂದ್ಸಲ ಹಿಂಗಂತೀರಿ. ಕಿವುಡನ ಮಾತು ಕೇಳ್ಕಂಡು ಗಾಡಿ ಕಳ್ಸಾಕಾಗಲ್ಲ" ಎಂದರು. ಅದಕ್ಕೆ ನಾನೇನೂ ಮಾಡಲಾರೆ.

ಆ ಎರಡು ಸಾವಿರದ ಆರುನೂರನ್ನು ಗಲ್ಲಾಪೆಟ್ಟಿಗೆಗೆ ಹಾಕಿದ್ದೇನೆ. ಮೊದಲಾಗಿದ್ದರೆ ನಾಲ್ಕು ಬೈಗುಳ ಸೇರಿಸಿ ಅದೇ ಬಸ್ಸಿನಲ್ಲಿ ವಾಪಸು ಕಳಿಸುತ್ತಿದ್ದೆ. ಈಗ ಹಾಗೆ ಮಾಡಬೇಕೆಂದು ಅನ್ನಿಸಲಿಲ್ಲ.

ಯಾಕೆಂದು ಹೇಳುತ್ತೇನೆ. ರಾಂಪುರದಲ್ಲಿ ನಿನಗೆ ಕೇಳಿಸಲಿಲ್ಲ, ಅದನ್ನು ಬಿಟ್ಟಿದ್ದೇನೆ. ಬೂಸಾ ನಿನಗೂ ತಪ್ಪು ಕೇಳಿಸಿತು, ನನಗೂ ತಪ್ಪು ಕೇಳಿಸಿತು, ಅದನ್ನು ಮೊನ್ನೆ ನೆನೆದು ಒಬ್ಬನೇ ನಕ್ಕೆ ಕೂಡ. ಫೋನು, ಕಾಗದ, ಚಂದ್ರಣ್ಣನ ಕೂಗಿಗೆ ತಿರುಗಿ ನೋಡದೆ ಹೋದದ್ದು, ಎಲ್ಲ ಬಿಟ್ಟಿದ್ದೇನೆ. ಆದರೆ ಬ್ರೇಕಿನ ಆ ಒಂದು ಸಾಲನ್ನು ನೀನು ಕಿವಿಯಿಂದ ಕೇಳಲಿಲ್ಲ, ಕಣ್ಣಿಂದ ಓದಿದೆ. ಎರಡು ಸಲ ಓದಿದೆ ಎಂದು ನೀನೇ ಬರೆದಿದ್ದೀಯ. ಓದಿ, ತಿಳಿದು, ದೋಷವಿಲ್ಲ ಎಂದು ನಿನ್ನ ಕೈಯಾರೆ ಬರೆದೆ. ಮೂಗಮ್ಮ ಮೂರು ಮಾರು ಆಚೆ ನಿಂತಿದ್ದಳು. ಆ ಮೂರು ಮಾರು ಇರದಿದ್ದರೆ ನಾವಿಬ್ಬರೂ ಈಗ ಯಾರಿಗೆ ಕಾಗದ ಬರೆಯುತ್ತಿದ್ದೆವು? ನಿನ್ನ ಕಿವಿಗಾಗಿ ನಾನು ಪೇಟೆಯಲ್ಲಿ ಸುಳ್ಳು ಹೇಳಿದೆ, ಇನ್ನೂ ಹೇಳುತ್ತೇನೆ. ನಿನ್ನ ಕಣ್ಣಿಗಾಗಿ ಏನು ಹೇಳಲಿ?

ಗಾಡಿ ಚೆನ್ನಾಗಿದೆ. ನಿನ್ನೆ ಒಬ್ಬನೇ ಬಿ.ಜಿ. ಕೆರೆಯವರೆಗೆ ಹೋಗಿ, ಅದೇ ಜಾಗದಲ್ಲಿ ನಿಲ್ಲಿಸಿ ನೋಡಿದೆ. ನಿಂತಿತು. ಅಲ್ಲಿಂದ ಮೊಳಕಾಲ್ಮುರು ಇನ್ನು ಹೆಚ್ಚು ದೂರವಿಲ್ಲ. ಎಂಜಿನ್ ಚಾಲೂ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತಿದ್ದು, ಗಾಡಿ ಚಳ್ಳಕೆರೆ ಕಡೆಗೆ ತಿರುಗಿಸಿಕೊಂಡು ಬಂದೆ.

ಈ ವರ್ಷದ ಪುಸ್ತಕ ಇಲ್ಲಿಗೆ ಮುಗಿಯಿತು. ಯಾರಿಗೆ ಏನು ಬಂತೆಂದು ಕೆಳಗೆ ಬರೆದಿದ್ದೇನೆ. ತಪ್ಪಿದ್ದರೆ ತಿದ್ದಿ ಕಳಿಸು.

ಪಾಲಾಕ್ಷನಿಗೆ ಒಂಬತ್ತು ಸಾವಿರದ ಒಂಬೈನೂರು, ವರ್ಷಕ್ಕಾಗುವಷ್ಟು ನಗು.
ಮೂಗಮ್ಮನಿಗೆ ಹನ್ನೊಂದು ಸಾವಿರ, ಒಂದು ಜೀವ.
ನಿನ್ನ ಎಮ್ಮೆಗೆ ಎರಡು ಚೀಲ ಬೂಸಾ.
ವನಜಾಕ್ಷಿಗೆ ದಿನಕ್ಕೆ ಒಂದು ಲೀಟರ್ ಹಾಲು.
ಗಂಗಾಂಬಿಕಾಳಿಗೆ ಹೊಸ ಬಳೆ ಒಂದು ಡಜನ್, ಮುರಿಯದ ಒಂದು ಆಣೆ.
ಓಬಳೇಶನಿಗೆ ಎರಡು ಮಿಲ್ಲಿನ ವ್ಯಾನು, ಕೆಡದ ಹೆಸರು.
ಮುರುಗೇಂದ್ರಪ್ಪನಿಗೆ ಕಿವುಡ ಎಂಬ ಹೆಸರು, ಸದ್ದಿಲ್ಲದ ಒಂದು ಕಾರು.

ಮುರುಗೇಂದ್ರಪ್ಪ